ಬಸ್ಸಿನ ಗಾಜಿನಾಚೆಯ ಊಟ

ಹನ್ನೊಂದು ಊರುಗಳ ಊಟದ ಮನೆಗಳ ಹಿಂಬಾಗಿಲು ಯಾವ ಬಣ್ಣದ್ದು ಅಂತ ಕೇಳಿದರೆ ನಮ್ಮ ಡ್ರೈವರ್ ಕಣ್ಣು ಮುಚ್ಚಿಕೊಂಡು ಹೇಳಿಬಿಡುತ್ತಿದ್ದ. ಮುಂಬಾಗಿಲು ಹೇಗಿದೆ ಅಂದರೆ ಮಾತ್ರ ತಲೆ ಕೆರೆದುಕೊಳ್ಳುತ್ತಿದ್ದ. ತಪ್ಪು ಅವನದಲ್ಲ, ಕಸುಬಿನದು. ಪ್ರವಾಸದ ಬಸ್ಸು ಓಡಿಸುವವನು ಜನರನ್ನು ಮುಂದುಗಡೆ ಇಳಿಸಿ, ಬಸ್ಸನ್ನು ಹಿಂದುಗಡೆ ತಂದು, ಪಾತ್ರೆ ತೊಳೆದ ನೀರು ಹರಿಯುವ ಕಡೆ ನಿಲ್ಲಿಸಿಕೊಂಡು ಕಾಯಬೇಕು. ಇಪ್ಪತ್ತೆರಡು ಬೇಸಗೆ ಅವನು ಹಾಗೆ ಕಾದ.

ಅವನ ಬಸ್ಸಿಗೆ ಬರುತ್ತಿದ್ದವರು ಗುಡಿ ಗೋಪುರ ನೋಡುವವರಲ್ಲ, ಉಣ್ಣುವವರು. ಬೆಟ್ಟದ ಕೆಳಗಿನ ದ್ರಾಕ್ಷಿ ತೋಟಗಳ ಸೀಮೆಯಲ್ಲಿ ನಾಲ್ಕು ದಿನದ ಸುತ್ತು. ಒಂದೊಂದು ಊರಿಗೂ ಅದರದೇ ಅಡುಗೆ, ಅದರದೇ ವೈನು. ಈ ಊರಿನದು ಆ ಊರಲ್ಲಿ ಸಿಗುವುದಿಲ್ಲ, ಸಿಕ್ಕರೂ ಆ ರುಚಿ ಬರುವುದಿಲ್ಲ ಅಂತ ಜನ ಬಡಿದಾಡುತ್ತಿದ್ದರು. ಇವನು ಮಾತ್ರ ಸ್ಟೀರಿಂಗಿನ ಮೇಲೆ ಡಬ್ಬಿ ಬಿಚ್ಚಿಟ್ಟುಕೊಂಡು ಮನೆಯಿಂದ ತಂದದ್ದನ್ನೇ ತಿನ್ನುತ್ತಿದ್ದ. ಪ್ರಯಾಣಿಕರ ಮೇಜಿನಲ್ಲಿ ಡ್ರೈವರ್ ಕೂರಕೂಡದು ಅನ್ನುವುದು ಕಂಪನಿಯ ಕಾನೂನು. ಯಾರಾದರೂ ಒಳ್ಳೆಯ ಮನಸ್ಸಿನಿಂದ ಒಂದು ಲೋಟ ತಂದುಕೊಟ್ಟರೆ, "ಸ್ಟೀರಿಂಗ್ ಹಿಡಿಯೋ ಕೈ ಲೋಟ ಹಿಡೀಬಾರದು ಸಾರ್" ಅಂದು ನಕ್ಕು ಕಳಿಸುತ್ತಿದ್ದ. ಅವರು ಹೋದ ಮೇಲೆ ಆ ನಗು ಮುಖದಲ್ಲಿ ಉಳಿಯುತ್ತಿರಲಿಲ್ಲ ಬಿಡಿ.

ಗಾಜಿನಾಚೆ ಮರದಡಿಯ ಮೇಜುಗಳು ಕಾಣುತ್ತಿದ್ದವು. ಯಾರೋ ರೊಟ್ಟಿ ಮುರಿದು ತಟ್ಟೆ ಒರೆಸುವುದು, ಯಾರೋ ಕಣ್ಣು ಮುಚ್ಚಿ ಒಂದು ಗುಟುಕು ಬಾಯಲ್ಲೇ ಹಿಡಿದು ಕೂರುವುದು. ಗಂಡ ಹೆಂಡತಿಯ ತಟ್ಟೆಯಿಂದ ಕದಿಯುವುದು, ಹೆಂಡತಿ ಅವನ ಕೈಗೆ ಚಮಚದಲ್ಲಿ ಬಾರಿಸುವುದು. ಅದನ್ನು ನೋಡಿದಾಗೆಲ್ಲ ಇವನು ಖಾಲಿ ಡಬ್ಬಿಯ ಮುಚ್ಚಳ ತೆಗೆದು ಮತ್ತೊಮ್ಮೆ ನೋಡುತ್ತಿದ್ದ. ಹಸಿವೆಯಲ್ಲ, ಊಟ ಆಗಿರುತ್ತಿತ್ತಲ್ಲ. ತನ್ನವಳೂ ಅಲ್ಲಿ ಕೂತಿರಬೇಕಿತ್ತು ಅನ್ನುವ ಆಸೆ ಅದು.

ಜನ ವಾಪಸ್ಸು ಬಸ್ಸು ಹತ್ತುವ ರೀತಿಯಲ್ಲೇ ಅವನು ಊಟದ ಯೋಗ್ಯತೆ ಅಳೆಯುತ್ತಿದ್ದ. ಗಲಾಟೆ ಮಾಡುತ್ತ ಹತ್ತಿದರೆ ವೈನು ಚೆನ್ನಾಗಿತ್ತು. ಮಾತಿಲ್ಲದೆ ಬಂದು ಸೀಟಿಗೆ ಒರಗಿದರೆ ಅಡುಗೆ ಚೆನ್ನಾಗಿತ್ತು. ಎಲ್ಲರೂ ಒಟ್ಟಿಗೆ ಶೌಚಾಲಯ ಕೇಳಿದರೆ ಮೀನು ನಿನ್ನೆಯದು. ಕೆಲವರು ತಡ ಮಾಡುತ್ತಿದ್ದರು. ಅವರನ್ನು ಕರೆಯಲು ಹೋಗಿ "ಇನ್ನೈದು ನಿಮಿಷ, ಇನ್ನೈದೇ ನಿಮಿಷ" ಅಂದು ಅಂದು ಡಿಪೋದಲ್ಲಿ ಅವನಿಗೆ 'ಐದ್ನಿಮಿಷ' ಅಂತಲೇ ಹೆಸರು ಬಿತ್ತು.

ಹೆಂಡತಿ ಆಸ್ಪತ್ರೆಯ ಅಡುಗೆಮನೆಯಲ್ಲಿ ಅಡುಗೆಯವಳು. ಉಪ್ಪು ಹಾಕಬೇಡ, ಎಣ್ಣೆ ಹಾಕಬೇಡ, ಖಾರ ಮುಟ್ಟಲೇಬೇಡ ಅನ್ನುವ ಚೀಟಿಗಳ ನಡುವೆ ಮೂವತ್ತು ವರ್ಷ ಸೌಟು ಆಡಿಸಿದವಳು. ಹಾಗಿದ್ದೂ ಅವಳ ಕೈಯ ಗಂಜಿ ಕುಡಿದ ರೋಗಿಗಳು ಗುಣವಾದ ಮೇಲೂ ಒಂದು ದಿನ ಮಂಚ ಬಿಡುತ್ತಿರಲಿಲ್ಲ ಅಂತ ನರ್ಸುಗಳು ತಮಾಷೆ ಮಾಡುತ್ತಿದ್ದರು. ಇವನು ಸುತ್ತು ಮುಗಿಸಿ ಮನೆಗೆ ಬಂದ ಕೂಡಲೇ ಅವಳ ವಿಚಾರಣೆ ಶುರು.

"ಮೊದಲನೇ ಊರಲ್ಲಿ ಈ ಸಲ ಏನು ಮಾಡಿದ್ರು?"

"ಮಾಂಸ. ಮಣ್ಣಿನ ಮಡಕೇಲಿ. ಜನ ಬೆರಳು ನೆಕ್ಕೊಂಡು ಬಂದ್ರು."

"ಬೆರಳು ಬಿಡಿ. ಮಡಕೆಗೆ ಏನು ಹಾಕಿದ್ರು?"

"ಅದು ನನಗೇನು ಗೊತ್ತು ಮಾರಾಯ್ತಿ."

"ನಿಮ್ಮನ್ನ ಕಳಿಸಿ ಏನು ಪ್ರಯೋಜನ" ಅಂದು ಅವಳು ಒಲೆಯ ಕಡೆ ತಿರುಗುತ್ತಿದ್ದಳು. ತಿರುಗಿಕೊಂಡೇ, "ನನ್ನನ್ನೂ ಒಂದ್ಸಲ ಕರ್ಕೊಂಡು ಹೋಗ್ರೀ" ಅನ್ನುತ್ತಿದ್ದಳು. "ಮುಂದಿನ ಬೇಸಗೆ" ಅನ್ನುತ್ತಿದ್ದ ಅವನು.

ಸುಳ್ಳು ಹೇಳುವ ಮನುಷ್ಯನಲ್ಲ. ಪ್ರತಿ ಸಲವೂ ನಿಜವಾಗಿಯೇ ಹೇಳುತ್ತಿದ್ದ. ಆದರೆ ಊರಿಗೆಲ್ಲ ಬೇಸಗೆ ಅಂದರೆ ರಜೆ, ಅವನಿಗೆ ಬೇಸಗೆ ಅಂದರೆ ದುಡಿಮೆ. ಒಂದು ವರ್ಷ ಮಗಳ ಪರೀಕ್ಷೆ, ಒಂದು ವರ್ಷ ಮಗಳ ಮದುವೆ, ಒಂದು ವರ್ಷ ಅತ್ತೆಯ ಸೊಂಟ ಮುರಿದದ್ದು, ಮಿಕ್ಕ ವರ್ಷವೆಲ್ಲ ಡಿಪೋದಲ್ಲಿ ಡ್ರೈವರುಗಳ ಕೊರತೆ. ನಾಳೆ ಎಂದವನ ಮನೆ ಹಾಳು ಅಂತ ದೊಡ್ಡವರು ಸುಮ್ಮನೆ ಹೇಳಿದ್ದಲ್ಲ. ಹೋಗಲಿ, ಇವನ ಮನೆಯೇನೂ ಹಾಳಾಗಲಿಲ್ಲ. ಬೇಸಗೆಗಳು ಮಾತ್ರ ಹೋದವು.

ಈ ಸಲ ಚಳಿ ಮುಗಿಯುವ ಹೊತ್ತಿಗೆ ಅವನಿಗೆ ನಿವೃತ್ತಿ ಆಯಿತು. ಹಾರ ಹಾಕಿಸಿಕೊಂಡು ಬಂದವನು ಹಾರ ತೆಗೆಯುವ ಮುಂಚೆಯೇ ಊಟದ ಮೇಜಿನ ಮೇಲೆ ನಕ್ಷೆ ಹರಡಿ, ನಾಲ್ಕು ಮೂಲೆಗೆ ನಾಲ್ಕು ಡಬ್ಬಿ ಇಟ್ಟು ಕೂತ. ಅವಳೂ ಹೋದ ವರ್ಷವೇ ಕೆಲಸ ಬಿಟ್ಟಿದ್ದಳು. ವಾರಗಟ್ಟಲೆ ಮನೆಯಲ್ಲಿ ಅದೇ ಮಾತು. ಮೊದಲನೇ ದಿನದ ಯೋಜನೆ ಬರೆದು ಮುಗಿಸಿ ಅವಳಿಗೆ ಓದಿ ಹೇಳಿದ. ಹತ್ತೂವರೆಗೆ ಬೆಟ್ಟದ ತಪ್ಪಲು, ದೊಡ್ಡ ಮರದ ನೆರಳಿದೆ, ಹಿಂದೆ ತಿರುಗಿಸಲು ಜಾಗ ಧಾರಾಳ. ಒಂದು ಗಂಟೆಗೆ ಹೊಳೆ ದಂಡೆ, ಟೈರು ಹೂತುಕೊಳ್ಳುವುದಿಲ್ಲ, ನಲ್ಲಿ ಹತ್ತಿರ.

"ನಾವೇನು ಊಟ ಮಾಡೋಕೆ ಹೋಗ್ತಿದೀವಾ, ಗಾಡಿ ತೊಳೆಯೋಕಾ?" ಅಂದಳು.

ಅವನು ನಾಚಿ, ಮತ್ತೆ ಬರೆದ. ಈ ಸಲ ಊಟ ಬಂತು, ವೈನು ಬಂತು. ಮಗಳ ಪುಟ್ಟ ಕಾರು ಕೇಳಿ ತರುವುದು, ಎಲ್ಲ ಊರನ್ನೂ ಆರಾಮಾಗಿ ಸುತ್ತುವುದು, ಊರಿಗೊಂದು ಲೋಟ ವೈನು. ಅವಳು ಕೆನ್ನೆಗೆ ಕೈಯಿಟ್ಟು ಪೂರ್ತಿ ಕೇಳಿಸಿಕೊಂಡಳು.

"ಕಾರು ಯಾರು ಓಡಿಸ್ತಾರೆ?"

"ಯಾರು ಅಂದ್ರೆ? ನಾನು."

"ಲೋಟ?"

ಇಪ್ಪತ್ತೆರಡು ವರ್ಷದ ಕನಸಿನಲ್ಲೂ ಪುಣ್ಯಾತ್ಮ ತನ್ನನ್ನು ಡ್ರೈವರ್ ಸೀಟಿನಲ್ಲೇ ಕೂರಿಸಿಕೊಂಡಿದ್ದ. ಅವಳು ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಕೊನೆಗೆ ಸಾದಾ ಸರ್ವಿಸ್ ಬಸ್ಸಿನಲ್ಲೇ ಹೋಗುವುದು, ನಾಲ್ಕು ದಿನದ ಬದಲು ಎಂಟು ದಿನ ಮಾಡುವುದು ಅಂತ ತೀರ್ಮಾನವಾಯಿತು.

ಇನ್ನೇನು ಟಿಕೆಟ್ಟು ತರಬೇಕು. ಒಂದು ಮಧ್ಯಾಹ್ನ ಅವನು ಹೊರಗಿನಿಂದ ಬಂದರೆ ಬಾಗಿಲಲ್ಲೇ ಸುಟ್ಟ ವಾಸನೆ ಮೂಗಿಗೆ ರಾಚಿತು. ಒಳಗೆ ಓಡಿದ. ಹಾಲು ಉಕ್ಕಿ, ಬತ್ತಿ, ಪಾತ್ರೆಯ ತಳ ಕಪ್ಪಗಾಗಿ ಹೊಗೆ ಸೂರು ಮುಟ್ಟುತ್ತಿತ್ತು. ಒಲೆಗೆ ಬೆನ್ನು ಹಾಕಿ, ಮೂರು ಮಾರು ದೂರದಲ್ಲಿ ಅವಳು ಬಟಾಣಿ ಸುಲಿಯುತ್ತ, ಏನೋ ಗುನುಗುತ್ತ ಕೂತಿದ್ದಳು. ಪಕ್ಕದ ಬೀದಿಯಲ್ಲಿ ಬೆಣ್ಣೆ ಹಳಸಿದರೆ ಇಲ್ಲಿ ಮೂಗು ಸಿಂಡರಿಸುತ್ತಿದ್ದವಳು.

ಅವನು ಒಲೆ ಆರಿಸಿ, ಎದುರು ಕುರ್ಚಿ ಎಳೆದು ಕೂತು, "ಯಾವಾಗಿಂದ?" ಅಂತ ಕೇಳಿದ.

ಅವಳು ಬಟಾಣಿ ಬಿಡಲಿಲ್ಲ. "ಚಳಿಗಾಲದ ಆ ಜ್ವರದಿಂದ. ವಾಸನೆ ಇಲ್ಲ, ರುಚಿ ಇಲ್ಲ. ಅನ್ನ ತಿಂದ್ರೂ ಅಷ್ಟೇ, ಅಂಟು ತಿಂದ್ರೂ ಅಷ್ಟೇ."

ಈಗ ಎಲ್ಲ ಹೊಳೆಯಿತು ಅವನಿಗೆ. ಕಣ್ಣಳತೆಯವಳು ನಾಲ್ಕು ತಿಂಗಳಿಂದ ಚಮಚದಲ್ಲಿ ಉಪ್ಪು ಅಳೆಯುತ್ತಿದ್ದದ್ದು. ಬಡಿಸಿ, ಎದುರು ನಿಂತು, ಅವನ ಮುಖವನ್ನೇ ನೋಡುತ್ತಿದ್ದದ್ದು. ಪ್ರೀತಿ ಜಾಸ್ತಿಯಾಗಿದೆ ಅಂದುಕೊಂಡಿದ್ದ ಪೆದ್ದ.

"ಡಾಕ್ಟರು?"

"ತೋರಿಸಿದೆ. ಆರು ತಿಂಗಳಲ್ಲಿ ಬಂದ್ರೂ ಬರಬಹುದು, ಬರದೇ ಇದ್ರೂ ಇರಬಹುದು ಅಂದ್ರು."

ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ. ಅವನಿಗೆ ಅಳು ಬಂತು, ಕೋಪವೂ ಬಂತು, ಯಾರ ಮೇಲೆ ಅಂತ ತಿಳಿಯಲಿಲ್ಲ. ಅವಳ ಕೈ ಹಿಡಿದುಕೊಂಡು, ಬಹಳ ವಿವೇಕದ ಮಾತು ಅನ್ನುವ ಹಾಗೆ ಹೇಳಿದ.

"ಚಿಂತೆ ಮಾಡಬೇಡ. ಬಂದೇ ಬರುತ್ತೆ. ಮುಂದಿನ ಬೇಸಗೆ ಹೋಗೋಣ."

ಅವಳು ಕೈ ಬಿಡಿಸಿಕೊಂಡಳು.

"ಇದಕ್ಕೇ ರೀ ನಾನು ಹೇಳಲಿಲ್ಲ" ಅಂದಳು. ದನಿ ಏರಲಿಲ್ಲ. "ನಾಲ್ಕು ತಿಂಗಳು ಬಾಯಿಗೆ ಬೀಗ ಹಾಕ್ಕೊಂಡು ಕೂತಿದ್ದು ಇದಕ್ಕೇ. ಗೊತ್ತಾದ್ರೆ ನೀವು ಈ ಮಾತೇ ಹೇಳ್ತೀರಿ ಅಂತ ನನಗೆ ಗೊತ್ತಿತ್ತು. ನಾಲಿಗೆ ಹೋಯ್ತು ಅಂತ ನನಗೆ ಎಷ್ಟು ಸಂಕಟ ಆಯ್ತೋ ಅದರ ಎರಡರಷ್ಟು ಭಯ ಈ ಮಾತಿಂದು. ಮುಂದಿನ ಬೇಸಗೆ ನನ್ನ ಮಂಡಿ ಹೋಗಿರುತ್ತೆ. ಅದರ ಮುಂದಿನ ವರ್ಷ ನಿಮ್ಮ ಕಣ್ಣು. ನನ್ನ ಹತ್ರ ಇನ್ನು ಕೊಡೋಕೆ ಬೇಸಗೆ ಇಲ್ಲ."

ಅವನು ಸುಟ್ಟ ಪಾತ್ರೆ ತೆಗೆದುಕೊಂಡು ಹೋಗಿ ಬೂದಿ ಹಾಕಿ ಉಜ್ಜಿದ. ಅರ್ಧ ಉಜ್ಜಿ, ಕೈ ಒರೆಸಿಕೊಂಡು, ಚಪ್ಪಲಿ ಮೆಟ್ಟಿ ಹೊರಟ. ಬಸ್ ನಿಲ್ದಾಣದಲ್ಲಿ ಸಾಲು ಉದ್ದ ಇತ್ತು. ಕಿಟಕಿಯಲ್ಲಿ ಕೂತಿದ್ದವನು ಗುರುತಿನವನು, "ಏನು ಐದ್ನಿಮಿಷ, ನೀನು ಟಿಕೆಟ್ ತಗೋತೀಯಾ?" ಅಂತ ನಕ್ಕ. ಇವನು ನಗಲಿಲ್ಲ. "ಗುರುವಾರಕ್ಕೆ ಎರಡು ಕೊಡಪ್ಪ" ಅಂದ.

ಗುರುವಾರ ಬಸ್ಸಿನಲ್ಲಿ ಅವಳಿಗೆ ಕಿಟಕಿ ಕೊಟ್ಟು ಪಕ್ಕದಲ್ಲಿ ಕೂತವನು ತಿರುವು ಬಂದಾಗೆಲ್ಲ ಬಲಗಾಲು ಒತ್ತುತ್ತಿದ್ದ. ಬ್ರೇಕು ಅಲ್ಲೆಲ್ಲಿತ್ತು. ಮೊದಲನೇ ಊರು ಬಂದಾಗ ಮರದಡಿಯ ಮೇಜುಗಳು ಇದ್ದಲ್ಲೇ ಇದ್ದವು. ಮುಂಬಾಗಿಲಿಗೆ ನೀಲಿ ಬಣ್ಣ ಅಂತ ಅವನಿಗೆ ಅವತ್ತು ತಿಳಿಯಿತು. ಊಟದ ಮನೆಯವಳು, ದಪ್ಪ ತೋಳಿನ ಹೆಂಗಸು, ಮಣ್ಣಿನ ಮಡಕೆಯನ್ನೇ ತಂದು ನಡುವೆ ಇಟ್ಟು, ಇಬ್ಬರಿಗೂ ಮಾಂಸ ಬಡಿಸಿ, ಅವರದೇ ತೋಟದ ಕೆಂಪು ವೈನು ಬಗ್ಗಿಸಿ ಒಳಗೆ ಹೋದಳು.

ಅವನು ಒಂದು ತುತ್ತು ಬಾಯಿಗಿಟ್ಟ. ಅಯ್ಯೋ, ಎಷ್ಟು ಚೆನ್ನಾಗಿತ್ತು ಅದು. ಇಷ್ಟು ವರ್ಷ ಗಾಜಿನಾಚೆಯಿಂದ ಏನೇನು ಊಹಿಸಿಕೊಂಡಿದ್ದನೋ ಅದೆಲ್ಲ ಇದರ ಮುಂದೆ ಏನೂ ಅಲ್ಲ. ಚೆನ್ನಾಗಿದ್ದಷ್ಟೂ ಅವನು ತಟ್ಟೆಯಿಂದ ಕಣ್ಣೆತ್ತಲಿಲ್ಲ. ಅವಳು ಎದುರಿಗೆ ಕೂತು, ಅಗಿಯುತ್ತ, ಅವನ ಮುಖ ನೋಡುತ್ತಿದ್ದಳು.

"ಹೇಗಿದೆ?"

"ಅಂಥಾದ್ದೇನಿಲ್ಲ" ಅಂದ ಅವನು. "ಜನ ಸುಮ್ಮನೆ ಕುಣೀತಾರೆ. ಇದಕ್ಕಿಂತ ನಿನ್ನ ಆಸ್ಪತ್ರೆ ಗಂಜಿ ವಾಸಿ."

ಅವಳು ಕೈಯಲ್ಲಿದ್ದ ರೊಟ್ಟಿ ಕೆಳಗಿಟ್ಟಳು. "ನಾಲ್ಕು ತಿಂಗಳಿಂದ ನಿಮ್ಮ ಮುಖ ನೋಡಿಯೇ ಅಡುಗೆ ಮಾಡಿದೀನಿ. ಉಪ್ಪು ಕಮ್ಮಿ ಆದ್ರೆ ಯಾವ ಹುಬ್ಬು ಏಳುತ್ತೆ ಅಂತ ಗೊತ್ತು ನನಗೆ. ಸುಳ್ಳು ಹೇಳಬೇಡಿ. ನನಗೆ ಅಂತ ಕಮ್ಮಿ ಮಾಡಬೇಡಿ. ಪೂರ್ತಿ ಹೇಳಿ."

ಅವನು ತಲೆ ತಗ್ಗಿಸಿದ. ಇನ್ನೊಂದು ತುತ್ತು ತಿಂದ. ಮಾತು ಹುಡುಕಿದ. ಗೇರು, ಕ್ಲಚ್ಚು, ಏರು, ಇಳಿಜಾರು ಅಂತ ಬದುಕಿದವನಿಗೆ ರುಚಿಯ ಮಾತು ಎಲ್ಲಿಂದ ಬರಬೇಕು?

"ಮೊದಲು ಏನೂ ಅನ್ಸಲ್ಲ" ಅಂದ. "ಆಮೇಲೆ ಸಿಹಿ. ಸಕ್ಕರೆದಲ್ಲ. ಈರುಳ್ಳಿ ತುಂಬಾ ಹೊತ್ತು ಹುರಿದಾಗ ಬರುತ್ತಲ್ಲ, ಆ ಸಿಹಿ."

"ಸಣ್ಣ ಉರೀಲಿ ಹುರಿದಿದಾರೆ" ಅಂದಳು ಅವಳು. ತಾನೂ ಒಂದು ತುತ್ತು ಬಾಯಿಗೆ ಹಾಕಿಕೊಂಡಳು. "ಆಮೇಲೆ?"

"ಅದು ಹೋಗೋ ಹೊತ್ತಿಗೆ ಹುಳಿ."

"ನಿಂಬೆ ಹುಳಿನಾ?"

"ಅಲ್ಲ, ಹಲ್ಲು ಚುಳ್ ಅನ್ನಲ್ಲ. ನಾಲಿಗೆ ಪಕ್ಕ ಒಣಗಿದ ಹಾಗಾಗುತ್ತೆ."

"ಒಗರಾ?"

"ಹೂಂ. ಒಗರೇ. ಎಳೇದು ಏನನ್ನೋ ಕಚ್ಚಿದ ಹಾಗೆ."

ಅವಳು ಕಣ್ಣು ಮುಚ್ಚಿಕೊಂಡು ಅಗಿಯುತ್ತಿದ್ದಳು. ಆಮೇಲೆ ಊಟದ ಮನೆಯವಳನ್ನು ಕೈಬೀಸಿ ಕರೆದಳು. "ಅಮ್ಮಾ, ಎಳೇ ದ್ರಾಕ್ಷಿಕಾಯಿ ಜಜ್ಜಿ ಹಾಕಿದೀರಲ್ವಾ? ಒಲೆಯಿಂದ ಇಳಿಸಿದ ಮೇಲೆ?"

ಆ ಹೆಂಗಸು ಸೌಟು ಹಿಡಿದವಳು ಹಾಗೇ ನಿಂತಳು. "ನಮ್ಮತ್ತೆ ನನಗೊಬ್ಬಳಿಗೇ ಹೇಳಿಕೊಟ್ಟಿದ್ದು. ಎಂಥ ನಾಲಿಗೆ ತಾಯಿ ನಿಮ್ಮದು" ಅಂದಳು.

"ನಂದಲ್ಲ" ಅಂತ ಹೇಳಿ ಅವಳು ಗಂಡನ ಕಡೆ ತೋರಿಸಿದಳು. ಅವಳ ಮುಖ ಕೆಂಪಾಗಿತ್ತು, ಮದುವೆಯ ಹೊಸದರಲ್ಲಿ ಯಾರಾದರೂ ಅಡುಗೆ ಹೊಗಳಿದರೆ ಆಗುತ್ತಿದ್ದ ಹಾಗೆ. ಡ್ರೈವರಿಗೆ ಸಂತೋಷವಾಯಿತು, ತಡೆಯಲಾರದಷ್ಟು ದುಃಖವೂ ಆಯಿತು. ಒಂದು ಬೇಸಗೆ, ಯಾವುದಾದರೂ ಒಂದೇ ಒಂದು ಬೇಸಗೆ, ಈ ನಾಲಿಗೆ ಜೀವಂತ ಇದ್ದಾಗ ಕರೆದುಕೊಂಡು ಬಂದಿದ್ದರೆ ತನ್ನ ಗಂಟೇನು ಹೋಗುತ್ತಿತ್ತು ಅಂತ ಅವನು ಯೋಚಿಸಿದ. ಅದನ್ನು ಬಾಯಿಬಿಟ್ಟು ಹೇಳಿಯೂಬಿಟ್ಟ. "ತಪ್ಪು ಮಾಡಿಬಿಟ್ಟೆ ಕಣೇ" ಅಂದ.

ಅವಳು ಹೌದು ಅಂತ ತಲೆಯಾಡಿಸಿದಳು. ಸಮಾಧಾನ ಮಾಡಲು ಹೋಗಲಿಲ್ಲ. ವೈನಿನ ಲೋಟವನ್ನು ಅವನ ಮುಂದೆ ಸರಿಸಿ, ತನ್ನದನ್ನೂ ಎತ್ತಿಕೊಂಡಳು.

"ಈಗ ಇದು" ಅಂದಳು. "ಆತುರ ಮಾಡಬೇಡಿ. ಬಾಯಲ್ಲಿ ಸ್ವಲ್ಪ ಹೊತ್ತು ಇಟ್ಕೊಂಡು ಆಮೇಲೆ ಹೇಳಿ."