ಕುಂಕುಮ ಮುಟ್ಟದ ಸಿ.ಡಿ.

ಆಯುಧ ಪೂಜೆಗೆಂದು ಆಫೀಸಿನ ಬೀರು ತೆಗೆದರೆ ಹಳೆಯ ಗಂಧದ ವಾಸನೆ ಬಂತು. ಕೆಳಗಿನ ಖಾನೆಯಲ್ಲಿ ಸಿ.ಡಿ.ಗಳು. ಎಲ್ಲದರ ಮೇಲೂ ಒಣಗಿದ ಗಂಧ, ಕುಂಕುಮದ ಬೊಟ್ಟು. ಒಂದರ ಮೇಲೆ ಮಾತ್ರ ಏನೂ ಇರಲಿಲ್ಲ. ಅದನ್ನು ಕೈಗೆತ್ತಿಕೊಂಡೆ, ಮೇಡಂ ನೆನಪಾದರು...

ಪಿರಿಯಾಪಟ್ಟಣದ ಈ ಸೊಸೈಟಿಗೆ ನಾನು ಕಂಪ್ಯೂಟರ್ ಆಪರೇಟರ್ ಆಗಿ ಸೇರಿದ್ದು ತೊಂಬತ್ತರ ದಶಕದ ಕೊನೆಯಲ್ಲಿ. ಇದು ಹೊಗೆಸೊಪ್ಪು ಬೆಳೆಯುವವರ ಸೊಸೈಟಿ. ಯಾರ ಬೇಲು, ಅಂದರೆ ಸೊಪ್ಪಿನ ಮೂಟೆ, ಯಾವ ದಿನ ಹರಾಜಿಗೆ ಹೋಗಬೇಕು ಎಂದು ಸರದಿ ಚೀಟಿ ಕೊಡುವುದು ನಮ್ಮ ಮುಖ್ಯ ಕೆಲಸ. ಆ ಚೀಟಿಗಳೆಲ್ಲ ಹುಟ್ಟುತ್ತಿದ್ದದ್ದು ಒಳಕೋಣೆಯ ಸರ್ವರ್‌ನಲ್ಲಿ. ಹೊಲಿಗೆ ಯಂತ್ರದಷ್ಟು ಎತ್ತರ, ದಿನವಿಡೀ ಗುಂಯ್ ಎನ್ನುವ ಸದ್ದು. ಅದು ಕೆಟ್ಟರೆ ಮೈಸೂರಿನಿಂದ ಕಂಪನಿಯ ಇಂಜಿನಿಯರ್ ಬರಬೇಕಿತ್ತು. ಟೈ ಕಟ್ಟಿದ ಗಂಡಸೊಬ್ಬ ಬರುತ್ತಾನೆ ಎಂದು ನಾವು ಕಾದಿದ್ದರೆ, ಹುಣಸೂರಿನ ಬಸ್ಸಿನಿಂದ ಇಳಿದವರು ಕಾಟನ್ ಸೀರೆ ಉಟ್ಟ ನಡುವಯಸ್ಸಿನ ಹೆಂಗಸು. ಹುಟ್ಟೂರು ಕೆ.ಆರ್.ನಗರದ ಕಡೆಯ ಹಳ್ಳಿ, ಮಾತೂ ಅಲ್ಲಿಯದೇ. ನನಗೆ ಮೇಡಂ ಅವತ್ತೇ ಇಷ್ಟವಾಗಿಬಿಟ್ಟರು.

ಸರ್ವರ್‌ನಲ್ಲಿ ದೋಷ ಕಂಡಾಗಲೆಲ್ಲ ಕಂಪನಿ ಒಂದು ಪ್ಯಾಚ್ ಕಳಿಸುತ್ತಿತ್ತು. ಹರಿದ ಕಡೆಗೊಂದು ತೇಪೆ ಎಂದುಕೊಳ್ಳಿ. ಅದರ ಜೊತೆಗೆ ವರ್ಷಕ್ಕೊಂದು ಹೊಸ ಇನ್‌ಸ್ಟಾಲೇಶನ್ ಸಿ.ಡಿ. ಕೂಡ ಬರುತ್ತಿತ್ತು. ಯಂತ್ರವನ್ನು ಬುಡದಿಂದ ಎಬ್ಬಿಸಿ ನಿಲ್ಲಿಸಲು ಬೇಕಾದದ್ದೆಲ್ಲ, ಅಲ್ಲಿಯವರೆಗಿನ ತೇಪೆಗಳ ಸಮೇತ, ಅದರಲ್ಲೇ ಇರುತ್ತಿತ್ತು. ನಮ್ಮ ಮ್ಯಾನೇಜರಿಗೆ ಇದು ದಂಡದ ಕೆಲಸ ಅನ್ನಿಸುತ್ತಿತ್ತು.

"ತೇಪೆ ಆಕಾಯ್ತಲ್ಲ ಮೇಡಂ, ಮತ್ತೆ ಹೊಸಾದ್ಯಾಕೆ?"

"ತೇಪೆ ಆಕಕ್ಕೆ ಮೊದ್ಲು ಬಟ್ಟೆ ಇರ್ಬೇಕಲ್ವ ಸಾರ್. ಬಟ್ಟೇನೇ ಸುಟ್ಟೋದ್ರೆ?"

ಮ್ಯಾನೇಜರ್ ಒಳ್ಳೆಯ ಮನುಷ್ಯ, ಭಕ್ತಿ ಮಾತ್ರ ಸ್ವಲ್ಪ ಅತಿ. ನಾನು ಸೇರಿದ ವರ್ಷದ ಆಯುಧ ಪೂಜೆಗೆ ಸರ್ವರ್‌ಗೆ ಚೆಂಡುಹೂವಿನ ಹಾರ ಹಾಕಿದರು. ಯಂತ್ರದ ಜೀವ ಇರುವುದು ಇದರಲ್ಲೇ ಎಂದು ಮೂಲ ಸಿ.ಡಿ.ಯನ್ನು ತಟ್ಟೆಯಲ್ಲಿಟ್ಟು, ಹೊಳೆಯುವ ಕಡೆಗೆ ಧಾರಾಳವಾಗಿ ಗಂಧ ಬಳಿದು ಕುಂಕುಮ ಇಟ್ಟರು. ಮುಖ ಬಿಟ್ಟು ಬೆನ್ನಿಗೆ ಯಾರಾದರೂ ಕುಂಕುಮ ಇಡುತ್ತಾರೆಯೇ? ಯಂತ್ರ ಓದುವುದು ಆ ಕಡೆಯಿಂದಲೇ ಎಂದು ನಮಗಾದರೂ ಏನು ಗೊತ್ತಿತ್ತು. ಮುಂದಿನ ಸಲ ಬಂದ ಮೇಡಂ ಅದನ್ನು ನೋಡಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು, ಬೈಯಲಿಲ್ಲ. ಚೀಲದಿಂದ ಹೊಸ ಸಿ.ಡಿ. ತೆಗೆದು ನನ್ನ ಕೈಗೆ ಕೊಟ್ಟರು.

"ಅದು ಪೂಜೆಗಿರ್ಲಿ ಬುಡು. ಇದು ಕೆಲ್ಸಕ್ಕೆ. ಇದ್ಕೆ ಮಾತ್ರ ಕುಂಕುಮ ಮುಟ್ಟಿಸ್ಬ್ಯಾಡ ಕಣವ್ವ."

ಮರುವರ್ಷ, ಹರಾಜು ಶುರುವಾಗುವ ಹೊತ್ತಿಗೆ ಸರಿಯಾಗಿ, ಸಿಡಿಲು ಬಡಿದು ಸರ್ವರ್‌ನ ಡಿಸ್ಕ್ ಸುಟ್ಟುಹೋಯಿತು. ಬೇಲು ಕಟ್ಟಿಟ್ಟ ರೈತರು ಚೀಟಿಗಾಗಿ ಬಾಗಿಲಲ್ಲಿ ನಿಂತರು. ಮ್ಯಾನೇಜರಿಗೆ ತಲೆ ಕೆಟ್ಟಿತ್ತು.

"ಇವತ್ತು ಇದು ಎದ್ದೇಳ್ಲಿಲ್ಲ ಅಂದ್ರೆ ಮಿಷಿನ್ನ ವಾಪಸ್ ಕಳಿಸ್ಬುಡ್ತೀನಿ. ನೀನೂ ಊರ್‌ಗೋಗವ್ವ. ನಾವು ಕೈಲೇ ಬರ್ಕೋತೀವಿ."

ಊರಿಗೆ ಹೋಗುವುದೆಂದರೆ ನನ್ನ ಕಥೆ ಮುಗಿದಂತೆ. ಮನೆಯಲ್ಲಿ ಆಗಲೇ ಗಂಡು ನೋಡುತ್ತಿದ್ದರು. ಕೆಲಸ ಇರುವ ತನಕ ಹೋಗಿ ಬರಲಿ ಎಂದಷ್ಟೇ ಅಪ್ಪ ನನ್ನನ್ನು ದಿನಾ ಬಸ್ಸು ಹತ್ತಲು ಬಿಟ್ಟಿದ್ದ. ಆ ಕಂಪ್ಯೂಟರಿನ ಪರದೆ ಮುಂದೆ ಕೂತಾಗ ನಾನೂ ಒಂದು ಆಳು ಅನ್ನಿಸುತ್ತಿತ್ತು.

ಮೇಡಂ ಬೆಳಗಿನ ಬಸ್ಸಿಗೇ ಬಂದು ಹೊಸ ಡಿಸ್ಕ್ ಕೂರಿಸಿದರು. ಅಷ್ಟರಲ್ಲಿ ಮ್ಯಾನೇಜರ್ ಪೂಜೆಯ ಸಿ.ಡಿ.ಯನ್ನು ಹಿತ್ತಾಳೆ ದೀಪ ತೊಳೆದ ಹಾಗೆ ಹುಣಸೆಹಣ್ಣು ಹಾಕಿ ಉಜ್ಜಿ ತಂದರು.

"ಇದು ಚೆನ್ನಾಗಿದ್ರೂವೆ ಉಪ್ಯೋಗ ಇರ್ನಿಲ್ಲ ಸಾರ್. ಇದು ಬಂದಾಗ ಈ ಡಿಸ್ಕು ಇನ್ನೂ ಉಟ್ಟೇ ಇರ್ನಿಲ್ಲ. ಇದ್ಕೆ ಅದ್ರ ಗುರ್ತೇ ಸಿಕ್ಕಲ್ಲ."

"ಅಂಗಾರೆ ಅಷ್ಟೊಂದು ಪ್ಯಾಚು?"

"ಎಲ್ಲಿಗಾಕನ? ಒಳ್ಗೆ ಏನೂ ಇಲ್ವಲ್ಲ."

ಆಮೇಲೆ ನನ್ನ ಕಡೆ ತಿರುಗಿದರು. ನಾನು ಬೀರುವಿನಿಂದ ಕುಂಕುಮ ಮುಟ್ಟದ ಸಿ.ಡಿ. ತಂದುಕೊಟ್ಟೆ. ಅವರು ಕುರ್ಚಿಯಿಂದ ಎದ್ದು ನನ್ನನ್ನೇ ಕೂರಿಸಿದರು. ನನಗೆ ಬರುವುದಿಲ್ಲ ಎಂದೆ.

"ನಾನು ಬರಕ್ಕಾಗ್ದಿರೋ ದಿನ ಬತ್ತದೆ. ಕೂತ್ಕೊ."

ಪಕ್ಕದಲ್ಲಿ ನಿಂತು ಒಂದೊಂದೇ ಹೇಳಿದರು, ನಾನು ಒತ್ತಿದೆ. ಒಂದು ಕಡೆ ಡಿಸ್ಕ್‌ನಲ್ಲಿ ಇರುವುದೆಲ್ಲ ಅಳಿಸಿಹೋಗುತ್ತದೆ, ಸರಿಯೇ ಎಂದು ಪರದೆ ಕೇಳಿತು. ನನ್ನ ಬೆರಳು ಅಲ್ಲೇ ನಿಂತಿತು. ತಿರುಗಿ ನೋಡಿದರೆ ಮೇಡಂ ಇಲ್ಲ. ಕಿಟಕಿಯಾಚೆ ರಸ್ತೆ ದಾಟಿ, ಟೀ ಅಂಗಡಿಯ ಬೆಂಚಿನ ಮೇಲೆ ಆರಾಮಾಗಿ ಕೂತಿದ್ದಾರೆ...

ಹೊಸ ಡಿಸ್ಕ್‌ನಲ್ಲಿ ಅಳಿಸಲು ಏನೂ ಇರಲಿಲ್ಲ, ಲೆಕ್ಕವೆಲ್ಲ ದಿನಾ ನಕಲು ತೆಗೆದಿಡುತ್ತಿದ್ದ ಟೇಪಿನಲ್ಲಿ ಭದ್ರವಾಗಿತ್ತು. ಗೊತ್ತಿದ್ದೂ ಆ ಸಾಲನ್ನು ಎರಡು ಸಲ ಓದಿದೆ. ಮ್ಯಾನೇಜರ್ ಬಾಗಿಲಲ್ಲಿ ನಿಂತು ದೇವರನ್ನು ನೆನೆಯುತ್ತಿದ್ದರು. ಒತ್ತಿದೆ. ಟೀ ಕುಡಿದು ಬಂದ ಮೇಡಂ ಕೇಳಿದ್ದು ಒಂದೇ ಮಾತು, "ಒತ್ತುದ್ಯಾ?"

ಟೇಪಿನ ಲೆಕ್ಕವೂ ಒಳಗೆ ಹೋಗಿ, ಪ್ರಿಂಟರ್ ಕಿರ್ರೆಂದು ಮೊದಲ ಚೀಟಿ ಹೊರಹಾಕಿದಾಗ ಸಂಜೆಯಾಗಿತ್ತು. ಹಳೆಯ ಪ್ಯಾಚ್‌ಗಳನ್ನೆಲ್ಲ ಮತ್ತೆ ಹಾಕಬೇಕಾ ಎಂದು ಕೇಳಿದೆ. "ಎಲ್ಲಾ ಒಳ್ಗೇ ಅವೆ ಕಣವ್ವ" ಎಂದರು. ಖುಷಿಯಾದ ಮ್ಯಾನೇಜರ್ ಕುಂಕುಮದ ಬಟ್ಟಲು ಹಿಡಿದು ಬರುವಷ್ಟರಲ್ಲಿ ಮೇಡಂ ಸಿ.ಡಿ.ಯನ್ನು ಸೆರಗಿನೊಳಗೆ ಅಡಗಿಸಿದರು. ಹೊರಡುವಾಗ ಮ್ಯಾನೇಜರಿಗೆ ಹೇಳಿಹೋದರು:

"ಇನ್ಮೇಲೆ ಸಣ್ಣಪುಟ್ಟದ್ಕೆಲ್ಲ ನನ್ನ ಕರೀಬ್ಯಾಡಿ ಸಾರ್. ಇವ್ಳವ್ಳೆ."

ಊರಿಗೆ ಹೋಗುವ ಮಾತನ್ನು ಮ್ಯಾನೇಜರ್ ಮತ್ತೆ ಎತ್ತಲಿಲ್ಲ. ಮದುವೆಯಾದದ್ದೂ ಕೆಲಸ ಬಿಡಿಸದ ಮನೆಗೇ.

ಅಲ್ಲಿಂದ ಅದೇ ಪದ್ಧತಿಯಾಯಿತು. ಆಯುಧ ಪೂಜೆಯ ಹಿಂದೆ ಮುಂದೆ ಮೇಡಂ ಹೊಸ ಸಿ.ಡಿ. ತರುತ್ತಿದ್ದರು, ಹಳೆಯದು ಪೂಜೆಯ ತಟ್ಟೆಗೆ ಹೋಗುತ್ತಿತ್ತು. ಒಂದು ವರ್ಷ ಬಹಳ ಸೊರಗಿದ್ದರು. ಕೇಳಿದರೆ ಬಿಸಿಲು ಎಂದರು. ಮರುವರ್ಷ ಬಂದವನು ಬೇರೆ ಹುಡುಗ, ಬರಿಗೈಯಲ್ಲಿ. ಮೇಡಂ ತೀರಿಕೊಂಡರು ಎಂದು ಅವನಿಂದಲೇ ತಿಳಿದದ್ದು. ಆಮೇಲೆ ಪ್ಯಾಚ್‌ಗಳಷ್ಟೇ ಬಂದವು, ಸಿ.ಡಿ. ಮತ್ತೆ ಬರಲಿಲ್ಲ. ಹಾಗಾಗಿ ಅವರು ಕೊನೆಗೆ ಕೊಟ್ಟದ್ದೇ ನನ್ನ ಲೆಕ್ಕದಲ್ಲಿ ಹೊಸದಾಗಿ ಉಳಿಯಿತು. ಸರ್ವರ್ ನಿಂತುಹೋಗಿ ಬಟ್ಟೆ ಹೊದ್ದು ಕೂತ ಮೇಲೂ ಅದಕ್ಕೆ ಕುಂಕುಮ ಹಚ್ಚಲು ಮನಸ್ಸು ಬಂದಿರಲಿಲ್ಲ.

ಈ ವಾರ ಆ ಸರ್ವರನ್ನೂ ಸಾಗಿಸಿದರು. ಅದರ ಜಾಗಕ್ಕೆ ಬಂದಿರುವ ಪುಟ್ಟ ಯಂತ್ರಕ್ಕೆ ಸಿ.ಡಿ. ಹಾಕುವ ಬಾಯಿಯೇ ಇಲ್ಲ. ಅದನ್ನು ಎಬ್ಬಿಸಿದ್ದು ಹೊಸದಾಗಿ ಸೇರಿರುವ ಹುಡುಗಿ. ಅಳಿಸಲೇ ಎಂದು ಪರದೆ ಕೇಳುವ ಹೊತ್ತಿಗೆ ನಾನು ಟೀ ಕುಡಿಯಲು ಎದ್ದುಹೋಗಿದ್ದೆ. ಬಂದು ನೋಡಿದರೆ ಕೆಲಸ ಮುಗಿಸಿ ಹಣೆ ಒರೆಸಿಕೊಳ್ಳುತ್ತಿದ್ದಳು.

ಇವತ್ತು ತಟ್ಟೆ ಜೋಡಿಸುತ್ತ ಅವಳೇ ಕೇಳಿದಳು, "ಅಕ್ಕ, ಇದೊಂದ್ಕೆ ಯಾಕೆ ಕುಂಕುಮ ಇಟ್ಟಿಲ್ಲ?"

ಕುಂಕುಮದ ಬಟ್ಟಲು ಕೊಡು ಎಂದೆ. ಕಣ್ಣು ಮಂಜಾಯಿತು, ಆದರೂ ನಗು ಬಂತು. ಸಿ.ಡಿ.ಯನ್ನು ಮಗುಚಿ, ಹೊಳೆಯುವ ಕಡೆಗೇ ಕುಂಕುಮ ಇಟ್ಟೆ.