ತುಟಿ ಬಿಟ್ಟ ಟೈರು

ಗಾಳಿಯ ವಿಷಯದಲ್ಲಿ ನಾನು ಸ್ವಲ್ಪ ಪುಕ್ಕಲ. ಯಾರಾದರೂ ಬಲೂನು ಊದುತ್ತಿದ್ದರೆ ದೂರದಲ್ಲೇ ಕಣ್ಣು ಮುಚ್ಚಿಕೊಳ್ಳುತ್ತೇನೆ. ಸೈಕಲ್ಲಿಗೆ ಗಾಳಿ ಹೊಡೆಯುವಾಗ, ಇನ್ನೆರಡು ಸಲ ಒತ್ತಿದರೆ ಸರಿಹೋದೀತು ಎನ್ನುವ ಹಂತಕ್ಕೆ ಬಂದೊಡನೆ ಪಂಪು ಕೆಳಗಿಡುತ್ತೇನೆ. ಹೀಗಾಗಿ ಲಿಂಗಸುಗೂರಿನ ಕಾಲೇಜಿನಲ್ಲಿ ಕನ್ನಡ ಕಲಿಸಿದ ಅಷ್ಟೂ ವರ್ಷ ನನ್ನ ಸೈಕಲ್ಲು ಅರೆಹೊಟ್ಟೆಯಲ್ಲೇ ಓಡಿತು. ನನ್ನ ಹೆಂಡತಿ ಇದಕ್ಕೆ ಅಂಜುಬುರುಕುತನ ಎನ್ನುತ್ತಾಳೆ. ನಾನು ಸಂಯಮ ಎನ್ನುತ್ತೇನೆ.

ನಮ್ಮ ಹಿರಿಯರು ಶರೀರದೊಳಗೆ ಐದು ವಾಯುಗಳನ್ನು ಎಣಿಸಿದ್ದಾರೆ. ಪ್ರಾಣ, ಅಪಾನ, ವ್ಯಾನ, ಉದಾನ, ಸಮಾನ. ಒಂದೊಂದಕ್ಕೂ ಒಂದೊಂದು ಜಾಗ, ಒಂದೊಂದು ಕೆಲಸ. ಆದರೆ ಅಷ್ಟು ಗಾಳಿಯನ್ನು ಹಿಡಿದಿಡಲು ಒಂದು ಟ್ಯೂಬು ಬೇಕಲ್ಲ ಎಂದು ಯಾರಿಗೂ ಹೊಳೆದಂತಿಲ್ಲ. ಅಂದರೆ ಮನುಷ್ಯ ಹುಟ್ಟಿನಿಂದಲೇ ಟ್ಯೂಬ್‌ಲೆಸ್ಸು. ಈ ಸತ್ಯ ನನಗೆ ತಿಳಿದದ್ದು ಗ್ರಂಥದಿಂದಲ್ಲ, ಗೊರೇಬಾಳದ ಕೆಸರುಗದ್ದೆಯಲ್ಲಿ.

ತೊಂಬತ್ತರ ದಶಕದ ಒಂದು ಸುಗ್ಗಿ. ನನ್ನ ಸೋದರಮಾವನ ಗದ್ದೆಯಲ್ಲಿ ಕಾಲುವೆ ನೀರಿನ ಭತ್ತ ಹಣ್ಣಾಗಿ ನಿಂತಿತ್ತು. ಅದನ್ನು ಕೊಯ್ಯಲು ಆ ವರ್ಷ ಮಾವ ಯಂತ್ರ ಕರೆಸಿದ್ದ. ಯಂತ್ರ ನೋಡುವ ಆಸೆಗೆ ನಾನೂ ರಜೆ ಹಾಕಿ, ಮಸ್ಕಿ ದಾಟಿ, ಸಿಂಧನೂರಿನಲ್ಲಿ ಇಳಿದು ಗೊರೇಬಾಳ ಸೇರಿದ್ದೆ. ಅದು ಯಾವುದೋ ಪರದೇಶದಲ್ಲಿ ದುಡಿದು ಮುದಿಯಾಗಿ ನಮ್ಮಲ್ಲಿಗೆ ಬಂದ ಯಂತ್ರ. ಅದರ ಹಿಂದಿನ ಗಾಲಿಗಳಿಗೆ ಟ್ಯೂಬೇ ಇರಲಿಲ್ಲ. ಕಾಲುವೆ ನೀರು ಜಿನುಗಿದ್ದ ಬದುವಿನ ಪಕ್ಕ ತಿರುಗುವಾಗ ಒಂದು ಗಾಲಿ ಕೆಸರಿನಲ್ಲಿ ಹೊರಳಿ, ಟೈರಿನ ಅಂಚು ರಿಮ್ಮನ್ನು ಬಿಟ್ಟು, ಗಾಳಿಯೆಲ್ಲ ಒಂದೇ ಉಸಿರಿಗೆ ಹೋಯಿತು. ಯಂತ್ರ ಮಂಡಿಯೂರಿ ಕುಳಿತಿತು. ಅದೇ ಹೊತ್ತಿಗೆ ಆಂಧ್ರದ ದಿಕ್ಕಿನಿಂದ ಮೋಡ ಏರತೊಡಗಿತು.

ಹಣ್ಣಾದ ಭತ್ತದ ಮೇಲೆ ಮಳೆ ಬಿದ್ದರೆ ಅದು ನೆಲಕ್ಕೆ ಮಲಗುತ್ತದೆ. ಮಲಗಿದ ಭತ್ತವನ್ನು ಯಂತ್ರ ಎತ್ತುವುದಿಲ್ಲ, ಒದ್ದೆ ಗದ್ದೆಗೆ ಯಂತ್ರ ಇಳಿಯುವುದೂ ಇಲ್ಲ. ಮನೆಯವರ ವರ್ಷದ ಅನ್ನ ಅಲ್ಲಿ ನಿಂತಿತ್ತು. ಮಾವ ಮೋಡವನ್ನೊಮ್ಮೆ, ಗಾಲಿಯನ್ನೊಮ್ಮೆ ನೋಡುತ್ತಿದ್ದ.

ಯಂತ್ರದ ಡ್ರೈವರು ತುರ್ವಿಹಾಳದ ಹನುಮಂತ ನನಗೆ ವಿಷಯ ತಿಳಿಸಿಕೊಟ್ಟ. ಇಂಥ ಟೈರಿನ ಎರಡು ಅಂಚುಗಳು ತುಟಿಯ ಹಾಗೆ ರಿಮ್ಮನ್ನು ಕಚ್ಚಿಕೊಂಡಿರುತ್ತವೆ. ಗಾಳಿ ಅಂಚನ್ನು ಒತ್ತಿ ಹಿಡಿದಿರುತ್ತದೆ, ಅಂಚು ಗಾಳಿಯನ್ನು ಹಿಡಿದಿರುತ್ತದೆ. ಗಂಡಹೆಂಡಿರಂತೆ, ಯಾರು ಯಾರನ್ನು ಹಿಡಿದಿದ್ದಾರೆಂದು ಹೊರಗಿನವರು ಹೇಳಲಾರರು. ಒಮ್ಮೆ ತುಟಿ ಬಿಟ್ಟಿತೋ, ಆಮೇಲೆ ತುಂಬಿದ ಗಾಳಿಯೆಲ್ಲ ಸಂದಿನಿಂದ ಆಚೆಗೇ. ಇಷ್ಟು ಕೇಳಿಯೂ ನಾನು ಕಾಲುಪಂಪು ಹಿಡಿದು ಒಂದಷ್ಟು ಹೊತ್ತು ತುಳಿದೆ.

"ಸರ್, ಸಾಕ್ರಿ," ಎಂದ ಹನುಮಂತ. "ನೀವು ಗದ್ದಿಗೆ ಗಾಳಿ ಬೀಸಾಕತ್ತೀರಿ."

ಆಗ ಮಾವನಿಗೆ ಹೊಳೆಯಿತು. ಬಂಡಿಯ ಗಾಲಿಗೆ ಕಬ್ಬಿಣದ ಪಟ್ಟಿ ಕೂಡಿಸುವ ಕೆಲಸ ಊರಲ್ಲಿ ಎಲ್ಲಿ ನಡೆದರೂ ಮುಂದೆ ನಿಲ್ಲುವವನು ಅವನು. ಪಟ್ಟಿಯ ಸುತ್ತ ಸಗಣಿಯ ಕುಳ್ಳು ಒಟ್ಟಿ ಬೆಂಕಿ ಹಚ್ಚುವುದು, ಕೆಂಪಗೆ ಕಾದು ಹಿಗ್ಗಿದಾಗ ಗಾಲಿಗೆ ತೊಡಿಸುವುದು, ನೀರು ಸುರಿಯುವುದು. ತಣ್ಣಗಾಗಿ ಕುಗ್ಗಿದ ಪಟ್ಟಿ ಗಾಲಿಯನ್ನು ಜನ್ಮಕ್ಕೂ ಬಿಡುವುದಿಲ್ಲ. ಮನೆಯಿಂದ ಒಂದು ಬುಟ್ಟಿ ಕುಳ್ಳು ಬಂದೇಬಿಟ್ಟಿತು.

"ಗೌಡ್ರ, ಇದು ಕಬ್ಬಿಣ ಅಲ್ರಿ, ರಬ್ಬರ್! ಸುಟ್ಟು ಹೋಗತೈತಿ," ಎಂದು ಹನುಮಂತ ಬುಟ್ಟಿಗೆ ಅಡ್ಡ ನಿಂತ. ನಾನು ಅವನ ವಿವೇಕಕ್ಕೆ ತಲೆದೂಗುವಷ್ಟರಲ್ಲಿ ಅವನೇ ಮುಂದುವರಿಸಿದ: "ಅದಕ್ಕಿಂತ ಟೈರಿನೊಳಗ ಚೂರು ಪೆಟ್ರೋಲ್ ಹಾಕಿ ಕಡ್ಡಿ ಗೀರಿದ್ರ, ಢಂ ಅಂತ ಒಂದ ಏಟಿಗೆ ಕುಂದರ್ತೈತಿ. ಮಸ್ಕಿ ರೋಡಿನ್ಯಾಗ ಲಾರಿಯವ್ರು ಮಾಡಿದ್ದು ನಾ ನೋಡೀನಿ."

ನೋಡಿದ್ದಾನೆ, ಮಾಡಿಲ್ಲ. ಆ ಚೂರು ಎಂದರೆ ಎಷ್ಟು ಎಂದು ಕೇಳಿದರೆ ಬೆರಳು ಮಡಚಿ ತೋರಿಸಿದ, ಪ್ರತಿಸಲವೂ ಬೇರೆ ಬೇರೆ. ಒಂದು ಹನಿ ಹೆಚ್ಚಾದರೆ ಟೈರು ಸಿಡಿದು ಗಾಲಿಯೇ ಮುಖಕ್ಕೆ ಹಾರುತ್ತದೆ ಎಂಬುದನ್ನೂ ಅವನೇ ಒಪ್ಪಿದ. ಆದರೆ ಮಾವ ಅಷ್ಟರಲ್ಲಿ ಕಡ್ಡಿಪೆಟ್ಟಿಗೆ ತೆಗೆದು ಕೈಯಲ್ಲಿ ಹಿಡಿದಿದ್ದ. ಮೋಡ ತಲೆಯ ಮೇಲೆ ಬಂದಿತ್ತು. ನನ್ನ ಐದೂ ವಾಯುಗಳು ತಮ್ಮ ತಮ್ಮ ಜಾಗ ಬಿಟ್ಟು ಗಂಟಲಲ್ಲಿ ಸಭೆ ಸೇರಿದವು.

ನಮಗೆಲ್ಲ ಊಟ ತಂದಿದ್ದ ಅತ್ತೆ ಬುತ್ತಿ ಗಂಟು ಕೆಳಗಿಟ್ಟು ಬಂದು ಮಾವನ ಕೈಯಿಂದ ಕಡ್ಡಿಪೆಟ್ಟಿಗೆ ತೆಗೆದುಕೊಂಡಳು.

"ಮಳಿ ಬರಾಕತ್ತೈತಿ, ಕಾಣಂಗಿಲ್ಲೇನು ನಿನಗ?" ಎಂದು ಮಾವ ಗದರಿದ. "ನೆಲ್ಲು ಮಲಗತೈತಿ!"

"ಮಲಗಲಿ. ನೆಲ್ಲು ಮಲಗಿದ್ರ ಕುಡಗೋಲು ಹಿಡದು ಕೊಯ್ತೀವಿ. ನೀವು ಮಲಗಿದ್ರ ಯಾವ ಮಷೀನ್ ತರಸ್ಬೇಕ್ರಿ?"

ಮಾವ ಸಿಟ್ಟಿನಿಂದ ಹೋಗಿ ಬಂಡಿಯ ಹಗ್ಗ ಎಳೆದುಕೊಂಡು ಬಂದ. ಹುಲ್ಲಿನ ಹೇರು ಬಿಗಿಯುವಾಗ ಹಗ್ಗದೊಳಗೆ ಬಡಿಗೆ ತೂರಿಸಿ ತಿರುವುತ್ತಾರಲ್ಲ, ಹಾಗೆ ಟೈರಿನ ನಡುವಿಗೆ ಹಗ್ಗ ಸುತ್ತಿ ತಿರುವಿದರೆ ಹೇಗೆ ಎಂದ. ನಡು ಒತ್ತಿದರೆ ಅಂಚುಗಳು ಹೊರಗೆ ಚಾಚಲೇಬೇಕಲ್ಲ! ಹನುಮಂತ ತೊಡೆ ತಟ್ಟಿಕೊಂಡ.

ಕೆಸರಿನಲ್ಲಿ ಜಾಕು ಹೂತುಹೋಗದಂತೆ ಅಡಿಗೆ ಹಲಗೆ ಹಾಕಿ, ಯಂತ್ರಕ್ಕೆ ದಿಮ್ಮಿ ಆನಿಸಿ, ಗಾಲಿ ಬಿಚ್ಚಿ ರಸ್ತೆಗೆ ಉರುಳಿಸಿದೆವು. ಭತ್ತ ಒಯ್ಯಲು ಬಂದಿದ್ದ ಲಾರಿ ಅಲ್ಲಿ ನಿಂತಿತ್ತು, ಅದರ ಬ್ರೇಕಿಗೆಂದು ಟ್ಯಾಂಕಿನಲ್ಲಿ ತುಂಬಿರುವ ಗಾಳಿಯನ್ನು ಉದ್ದನೆಯ ಪೈಪಿನಲ್ಲಿ ಪಡೆಯಬಹುದಿತ್ತು. ಅಂಚಿನ ಕೆಸರು ಒರೆಸಿ, ಹರಿದಿಲ್ಲವೆಂದು ಕೈಯಾಡಿಸಿ ನೋಡಿ, ಬಟ್ಟೆ ಸಾಬೂನಿನ ನೊರೆ ಹಚ್ಚುವ ಕೆಲಸ ನನಗೆ ಬಂತು. ಎಂ.ಎ. ಓದಿದ್ದು ಸಾರ್ಥಕವಾಯಿತು. ಗಾಳಿ ಒಮ್ಮೆಗೇ ನುಗ್ಗಲೆಂದು ಹನುಮಂತ ವಾಲ್ವಿನೊಳಗಿನ ಪಿನ್ನು ತೆಗೆದ. ಅಂಚಿನ ಹತ್ತಿರ ಬೆರಳಿಡಬೇಡಿ, ಗಾಲಿಯ ಮೇಲೆ ಬಾಗಬೇಡಿ, ದೂರ ನಿಲ್ಲಿ ಎಂದು ಎಲ್ಲರಿಗೂ ಹೇಳಿದ. ನಾನು ಲಾರಿಯ ಆಚೆ ಬದಿಗೆ ಹೋಗಿ ನಿಂತೆ. ಆಜ್ಞಾಪಾಲನೆಯಲ್ಲಿ ನಾನು ಯಾವಾಗಲೂ ಒಂದು ಕೈ ಮುಂದೆ.

ಟೈರಿನ ನಡುವಿಗೆ ಹಗ್ಗ ಸುತ್ತಿ ಮಾವ ಬಡಿಗೆ ತಿರುವಿದ, ಹನುಮಂತ ಲಾರಿಯ ಪೈಪು ಹಚ್ಚಿದ. ಗಾಳಿ ಬುಸುಗುಟ್ಟಿತು, ನೊರೆ ಗುಳ್ಳೆ ಗುಳ್ಳೆಯಾಯಿತು. ಗುಳ್ಳೆ ನಿಂತಿತು. ತುಟಿ ಹಿಡಿದಿತ್ತು.

"ಗೌಡ್ರ, ಹಗ್ಗ ಬಿಡ್ರಿ ಈಗ! ಗಾಳಿ ತುಂಬಿದ ಮ್ಯಾಲ ಬಡಿಗಿ ಸಿಡಿತೈತಿ!"

ಮಾವ ಮೆಲ್ಲಗೆ ತಿರುವು ಬಿಚ್ಚಿ ಹಿಂದೆ ಸರಿದ. ಟಪ್. ಸ್ವಲ್ಪ ಹೊತ್ತಿಗೆ ಇನ್ನೊಂದು ಟಪ್. ಎರಡೂ ಅಂಚು ಕುಳಿತವು. ಪಿನ್ನು ಹಾಕಿ, ಬೇಕಾದಷ್ಟೇ ಗಾಳಿ ತುಂಬಿ ನಿಲ್ಲಿಸಿದರು. ನನಗೆ ಎಷ್ಟು ಸಂತೋಷವಾಯಿತೆಂದರೆ ಲಾರಿಯ ಈಚೆ ಬದಿಗೆ ಬಂದುಬಿಟ್ಟೆ.

ಯಂತ್ರ ಮತ್ತೆ ಗದ್ದೆಗಿಳಿದು ಅರ್ಧಕ್ಕಿಂತ ಹೆಚ್ಚು ಕೊಯ್ದಿತು. ಆಮೇಲೆ ಮಳೆ ಬಂತು. ಹನಿಯಾಗಿ ಅಲ್ಲ, ಧೋ ಎಂದು. ಉಳಿದ ಭತ್ತ ನಮ್ಮ ಕಣ್ಣೆದುರೇ ಮಲಗಿತು. ಮಾವ ಗದ್ದೆಗೆ ಎದುರಿದ್ದ ಮನೆಯ ಜಗಲಿಯಲ್ಲಿ ಕುಳಿತು ಅದನ್ನೇ ನೋಡಿದ. ಅವನನ್ನು ನೋಡಿ ನನಗೆ ನಿಜಕ್ಕೂ ದುಃಖವಾಯಿತು.

ಮಳೆ ನಿಂತ ಮೇಲೆ ಮನೆಯವರೆಲ್ಲ ಕುಡಗೋಲು ಹಿಡಿದು ಇಳಿದೆವು. ನಾನು ಕೊಯ್ದ ಸಾಲು ಯಾವುದೆಂದು ರಸ್ತೆಯ ಮೇಲೆ ಹೋಗುವವರಿಗೂ ಗೊತ್ತಾಗುತ್ತಿತ್ತು. ನೀರಿಗಂಟಿದ ತೆನೆಗಳನ್ನು ಎತ್ತಿ ಎತ್ತಿ ಕೊಯ್ಯುತ್ತಿದ್ದ ಮಾವ ಮಧ್ಯಾಹ್ನದ ಹೊತ್ತಿಗೆ ನೆಟ್ಟಗೆ ನಿಂತು, ಎರಡೂ ಕೈಯಲ್ಲಿ ಸೊಂಟ ಹಿಡಿದುಕೊಂಡ.

"ಪೆಟ್ರೋಲ್ ಹಾಕಿದ್ರ ಅವತ್ತ ಮುಗೀತಿತ್ತು," ಎಂದು ಅತ್ತೆಗೆ ಕೇಳುವಂತೆ ಗೊಣಗಿದ. "ಸೊಂಟ ನೋಯಾಕತ್ತೈತಿ ನೋಡು."

ಅತ್ತೆ ತಲೆ ಎತ್ತಲಿಲ್ಲ, ಕುಡಗೋಲು ನಿಲ್ಲಿಸಲಿಲ್ಲ.

"ಐತಿ, ಅದಕ್ಕ ನೋಯಾಕತ್ತೈತಿ," ಎಂದಳು. "ಬಗ್ರಿ."