ನನ್ನ ಫೋನಿನಲ್ಲಿದ್ದ ಮನೆಗಳು

ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು ನಾನು. ವೈರಿಂಗ್ ಕೆಲಸಕ್ಕೆ ಸೇರಿ, ಏಣಿ ಹೊತ್ತು, ಗೋಡೆ ಕೊರೆದು, ಕೊನೆಗೆ ಸಿಸಿ ಕ್ಯಾಮೆರಾ ಹಾಕುವುದನ್ನು ಕಲಿತೆ. ನಾನು ಹಾಕಿದ ಕ್ಯಾಮೆರಾ ಕೆಟ್ಟರೆ ಗಿರಾಕಿಗಳು ಬೇರೆಯವರನ್ನು ಕರೆಯುವುದಿಲ್ಲ. ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ, ದುಡಿದು ಸಂಪಾದಿಸಿದ ಹೆಸರು.

ನಮ್ಮ ಕಸುಬಿನಲ್ಲಿ ಒಂದು ರೂಢಿ. ಗಿರಾಕಿಯ ಫೋನಿಗೆ ಆ್ಯಪ್ ಹಾಕಿಕೊಟ್ಟು, ಆ ಮನೆಯನ್ನು ನಮ್ಮ ಫೋನಿನಲ್ಲೂ ಸೇರಿಸಿಕೊಳ್ಳುತ್ತೇವೆ. ಚಿತ್ರ ಬರುತ್ತಿಲ್ಲ ಎಂದು ಯಾರಾದರೂ ಕರೆದರೆ ಕೂತಲ್ಲಿಂದಲೇ ನೋಡಿ ಹೇಳಬಹುದು. ಪಾಸ್‌ವರ್ಡ್ ಎಲ್ಲ ಮನೆಗೂ ಒಂದೇ, ಮರೆಯಬಾರದಲ್ಲ. ನನ್ನ ಫೋನಿಗೆ ಲಾಕ್ ಕೂಡ ಇರಲಿಲ್ಲ. ಡ್ರಿಲ್ಲು, ಸಿಮೆಂಟು ಹಿಡಿದು ಸವೆದ ಬೆರಳನ್ನು ಅದು ಗುರುತು ಹಿಡಿಯುತ್ತಿರಲಿಲ್ಲ. ಏಣಿಯ ಮೇಲೆ ನಿಂತು ನಂಬರ್ ಒತ್ತಲು ನನಗೆ ತಾಳ್ಮೆಯಿರಲಿಲ್ಲ.

ಆ ಫೋನು ಗುಬ್ಬಿ ಬಸ್‌ಸ್ಟ್ಯಾಂಡಿನಲ್ಲಿ ಹೋಯಿತು. ರಿಪೇರಿ ಮುಗಿಸಿ ತುಮಕೂರಿನ ಬಸ್ಸು ಹತ್ತುವ ನೂಕುನುಗ್ಗಲು. ಸೀಟು ಹಿಡಿದು ಜೇಬು ಮುಟ್ಟಿಕೊಂಡರೆ ಖಾಲಿ. ಪಕ್ಕದವರ ಫೋನಿನಿಂದ ನನ್ನ ನಂಬರಿಗೆ ಹೊಡೆದೆ, ಸ್ವಿಚ್ ಆಫ್. ಇಳಿದು ಸ್ಟೇಷನ್ನಿಗೆ ಹೋಗಿ ದೂರು ಕೊಟ್ಟೆ. ನನ್ನದು ಬಿಟ್ಟರೆ ಬಾಯಿಗೆ ಬರುವುದು ಮನೆಯವಳ ನಂಬರ್ ಒಂದೇ. ಅವಳಿಗೆ ಹೇಳಿ ಸಿಮ್ ಬಂದ್ ಮಾಡಿಸಿದೆ. ಸ್ಟೇಷನ್ನಿನವರು ಒಳ್ಳೆಯವರು, ಇಮೇಲ್ ಪಾಸ್‌ವರ್ಡ್ ಹೇಳಿದರೆ ಫೋನಿನಲ್ಲಿರುವುದನ್ನೆಲ್ಲ ಇಲ್ಲಿಂದಲೇ ಅಳಿಸಲು ನೋಡಬಹುದು ಎಂದರು. ನನ್ನ ಇಮೇಲ್ ಮಾಡಿದ್ದು ಫೋನು ಮಾರಿದ ಅಂಗಡಿಯವರು. ಪಾಸ್‌ವರ್ಡ್ ಇರಲಿ, ಅದರ ಹೆಸರೇ ನನಗೆ ಗೊತ್ತಿಲ್ಲ.

ಸಿಮ್ ಸತ್ತರೂ ಎಲ್ಲೋ ವೈಫೈ ಸಿಕ್ಕರೆ ಆ್ಯಪ್ ತೆರೆಯುತ್ತದೆ. ತಡೆಯಬೇಕೆಂದರೆ ಆಯಾ ಮನೆಗೇ ಹೋಗಿ ಪಾಸ್‌ವರ್ಡ್ ಬದಲಿಸಬೇಕು, ಕರೆದು ಹೇಳೋಣವೆಂದರೆ ಗಿರಾಕಿಗಳ ನಂಬರೆಲ್ಲ ಆ ಫೋನಿನಲ್ಲೇ. ಬಹಳಷ್ಟು ಕ್ಯಾಮೆರಾಗಳು ಗೇಟು, ಗೋಡೌನು, ಅಂಗಡಿಯ ಗಲ್ಲಾ ನೋಡುವಂಥವು. ಅವು ಒಂದು ದಿನ ಕಾದಾವು. ಕುಣಿಗಲ್ಲಿನ ಒಂದು ಕ್ಯಾಮೆರಾ ಮಾತ್ರ ಮನೆಯೊಳಗಿತ್ತು. ಅಲ್ಲಿಯ ಟೀಚರಮ್ಮನ ತಾಯಿ ಹಾಸಿಗೆ ಹಿಡಿದಿದ್ದರು. ಮಗಳು ಸ್ಕೂಲಿನಿಂದ ನೋಡಿಕೊಳ್ಳಲೆಂದು ಮಂಚದ ನೇರಕ್ಕೇ ಹಾಕಿಸಿದ್ದು. ಆ ಅಜ್ಜಿಗೆ ಬಟ್ಟೆ ಬದಲಿಸುವುದು, ಮೈ ಒರೆಸುವುದು ಎಲ್ಲ ಆ ಮಂಚದ ಮೇಲೇ. ಯಾವನೋ ಕಳ್ಳ ಅದನ್ನು ನೋಡಬಾರದು. ನನಗೆ ಬೇರೆ ಯೋಚನೆಯೇ ಬರಲಿಲ್ಲ.

ಕುಣಿಗಲ್ಲಿಗೆ ಹೊರಟು ತುಮಕೂರಿನಲ್ಲಿ ಬಸ್ಸು ಬದಲಿಸುವಾಗ ಇದೇ ಕಸುಬಿನ ಗೆಳೆಯ ಸಿಕ್ಕಿದ. ವಿಷಯ ಕೇಳಿ ನಕ್ಕ.

"ಸುಮ್ನಿರ್ಲಾ. ಕದ್ದೋನು ಮಾರ್ಕೊಂಡು ಕುಡೀತಾನೆ, ಅಜ್ಜಿ ನೋಡ್ಕೊಂಡು ಕೂತಿರ್ತಾನಾ? ಏನೋ ಸಾಫ್ಟ್‌ವೇರ್ ಅಂದ್ಬುಟ್ಟು ಪಾಸ್‌ವರ್ಡ್ ಬದ್ಲಾಯ್ಸಿ ಬಾ. ನಿಜ ಹೇಳಿದ್ಯೋ, ನಾಳೆಯಿಂದ ನಿನ್ನ ಯಾರೂ ಒಳೀಕ್ ಬುಡಲ್ಲ."

"ಬುಡ್ದೆ ಇದ್ರೆ ಬ್ಯಾಡ" ಎಂದು ಬಸ್ಸು ಹತ್ತಿದೆ. ಸುಳ್ಳು ಹೇಳಿ ಉಳಿಸಿಕೊಳ್ಳುವ ಗಿರಾಕಿ ನನಗೆ ಬೇಕಿರಲಿಲ್ಲ.

ಕುಣಿಗಲ್ ತಲುಪುವಾಗ ಟೀಚರಮ್ಮ ಸ್ಕೂಲಿಂದ ಬಂದು ಕಾಫಿಗಿಟ್ಟಿದ್ದರು. ಚಪ್ಪಲಿ ಬಿಟ್ಟವನೇ ಒಳಗೆ ಹೋಗಿ ಇಂಟರ್‌ನೆಟ್ ಪೆಟ್ಟಿಗೆಯ ವೈರು ಕಿತ್ತೆ. ಆಮೇಲೆ ನಡೆದದ್ದನ್ನೆಲ್ಲ ಹೇಳಿದೆ. ಅವರು ಒಲೆ ಆರಿಸಿ ಬಂದು ನಿಂತರು.

"ಕಳ್ಳ ನೋಡ್ತಾನೆ ಅಂತ ಅಷ್ಟು ದೂರದಿಂದ ಬಂದಿದೀರ, ಸರಿ. ನಿಮ್ ಫೋನಲ್ಲೂ ನಮ್ಮಮ್ಮ ಕಾಣ್ತಾರೆ ಅಂತ ನಂಗ್ಯಾಕೆ ಹೇಳ್ಲಿಲ್ಲ?"

"ಒಂದಿನಾನೂ ತೆಗ್ದು ನೋಡಿಲ್ಲ ಮೇಡಂ."

"ನೋಡಿಲ್ಲ ಅಂತ ನಂಬ್ತೀನಿ. ಆದ್ರೆ ನಂಗೆ ನಂಬೋದು ಬಿಟ್ಟು ಬೇರೆ ದಾರಿ ಇಲ್ವಲ್ಲ."

ಮುಖಕ್ಕೆ ಹೊಡೆದಂತಾಯಿತು. ನಾನು ಅಂಥವನಲ್ಲ ಎಂದು ಜೋರು ಮಾಡುವಷ್ಟು ಸಿಟ್ಟೂ ಬಂತು. ಆದರೆ ಆಕೆ ಹೇಳಿದ್ದರಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ. ಅಷ್ಟರಲ್ಲಿ ಮಂಚದಿಂದ ಅಜ್ಜಿ, "ಯಾರೇ ಅದು, ಕರೆಂಟ್ನೋರಾ? ಬೈಯೋದು ಕಾಫಿ ಕೊಟ್ ಮೇಲೆ ಬೈಯೇ" ಎಂದರು. ಟೀಚರಮ್ಮನಿಗೂ ನಗು ತಡೆಯಲಾಗಲಿಲ್ಲ.

ಟಿವಿಗೆ ಜೋಡಿಸಿದ್ದ ಕ್ಯಾಮೆರಾದ ರೆಕಾರ್ಡಿಂಗ್ ಪೆಟ್ಟಿಗೆಯಲ್ಲಿ ನನ್ನ ಹೆಸರು ತೆಗೆದುಹಾಕಿದೆ, ಹಳೆಯ ಪಾಸ್‌ವರ್ಡ್ ಅಳಿಸಿದೆ. ಮೌಸನ್ನು ಅವರ ಕೈಗೆ ಕೊಟ್ಟು, ಹೊಸದನ್ನು ನೀವೇ ಹಾಕಿ, ನನಗೆ ಹೇಳಬೇಡಿ ಎಂದೆ. ಗೋಡೆಯ ಕಡೆ ತಿರುಗಿ ನಿಂತೆ. ಮುಗಿದ ಮೇಲೆ ವೈರು ಸಿಕ್ಕಿಸಿದೆ. ಮಂಚದ ಚಿತ್ರ ಆಕೆಯ ಫೋನಿನಲ್ಲಿ ಬಂತು. ಇನ್ನು ಅದು ಅಲ್ಲಿ ಮಾತ್ರ.

ಮಾರನೆಯ ದಿನ ಗುಬ್ಬಿಯ ಅಂಗಡಿ, ಬೆಳ್ಳಾವಿಯ ಗೋಡೌನು, ತುಮಕೂರಿನ ಸದಾಶಿವನಗರದ ಮನೆಗಳು, ಹೀಗೆ ಸುತ್ತುತ್ತಲೇ ಇದ್ದೆ. ಎಲ್ಲ ಕಡೆ ನಿಜವನ್ನೇ ಹೇಳಿದೆ. ಕೆಲವರು ಬೈದರು. ಸದಾಶಿವನಗರದ ಒಬ್ಬರು ಬೇರೆಯವರನ್ನು ಕರೆದು ಕ್ಯಾಮೆರಾಗಳನ್ನೇ ಬದಲಿಸಿಕೊಂಡರು. ಬೇಸರವಾಯಿತು, ಆದರೆ ಅವರ ಮನೆ, ಅವರ ಇಷ್ಟ.

ಹೊಸ ಫೋನಿಗೆ ನಂಬರ್ ಲಾಕ್ ಹಾಕಿದ್ದೇನೆ, ಇಮೇಲನ್ನು ನಾನೇ ಕೂತು ಮಾಡಿದ್ದೇನೆ. ಯಾವ ಗಿರಾಕಿಯ ಮನೆಯೂ ಅದರಲ್ಲಿಲ್ಲ. ಚಿತ್ರ ಬರುತ್ತಿಲ್ಲ ಎಂದು ಕರೆದರೆ ಬಿಸಿಲಿರಲಿ, ಮಳೆಯಿರಲಿ, ಗಾಡಿ ತೆಗೆದುಕೊಂಡು ಹೋಗುತ್ತೇನೆ. ಪೆಟ್ರೋಲು ದಂಡ ಎಂದು ಗೆಳೆಯ ಆಡಿಕೊಳ್ಳುತ್ತಾನೆ. ಆಡಿಕೊಳ್ಳಲಿ. ಗಿರಾಕಿಗಳು ಪಾಸ್‌ವರ್ಡ್ ಒತ್ತಿ ಮುಗಿಸುವವರೆಗೂ ನಾನು ಬಾಗಿಲಾಚೆ ನಿಂತಿರುತ್ತೇನೆ.